ತಂತಿ ಎಳೆಯದ ಕಂಬಗಳು

ಚಿಮಟದ ತುದಿಯಲ್ಲಿದ್ದ ಅಡ್ಡಪಟ್ಟಿ ಇನ್ನೇನು ಕಂಬಕ್ಕೆ ತಾಗಬೇಕು ಎನ್ನುವಷ್ಟರಲ್ಲಿ ಕೈ ಮತ್ತೆ ಶುರುಮಾಡಿತು. ದೊಡ್ಡದಾಗೇನಲ್ಲ. ಬೀದಿಯಲ್ಲಿ ಲಾರಿ ಹೋದಾಗ ಲೋಟದೊಳಗಿನ ನೀರು ಮಿಸುಕುತ್ತದಲ್ಲ, ಅಷ್ಟೇ. ಪಕ್ಕದಲ್ಲಿ ಯಾರಾದರೂ ಕೂತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಆದರೆ ನಿಜದ ಕಂಬವನ್ನು ನೂರೈವತ್ತು ಪಾಲು ಮಾಡಿ ಒಂದೇ ಪಾಲು ಇಟ್ಟುಕೊಂಡ ಹಾಗಿದ್ದ ಆ ಕಂಬಕ್ಕೆ, ಅದರ ನೆತ್ತಿಯ ಮೇಲೆ ಕೂರಬೇಕಾದ ಅಕ್ಕಿನುಚ್ಚಿನಂಥ ಪಟ್ಟಿಗೆ, ಅದು ಭೂಕಂಪವೇ. ಪಟ್ಟಿ ಕಂಬದ ಎಡಕ್ಕೆ ಬಡಿಯಿತು, ಬಲಕ್ಕೆ ಬಡಿಯಿತು, ಗೋಂದಿನ ಎಳೆಯೊಂದನ್ನು ಎಳೆದುಕೊಂಡು ಕೆಳಗೆ ಹಲಗೆಯ ಮೇಲಿನ ಪುಟ್ಟ ಗದ್ದೆಯೊಳಗೆ ಬಿದ್ದುಹೋಯಿತು. ಸೇಜಿ ಚಿಮಟ ಕೆಳಗಿಟ್ಟ. ಬಲಗೈಯ ಮೇಲೆ ಎಡಗೈ ಮುಚ್ಚಿ, ಗುಬ್ಬಿಯನ್ನು ಹಿಡಿದವನ ಹಾಗೆ, ಒಳಗಿನದು ಸುಮ್ಮನಾಗುವವರೆಗೆ ಕೂತ. ಮೇಜಿನ ಮೇಲೆ ಒರಗಿದ ಕೂಡಲೇ ಕೈ ಸುಮ್ಮನಾಗುತ್ತದೆ. ಏನೂ ನಡೆದೇ ಇಲ್ಲವೆಂಬಂತೆ ಮಲಗುತ್ತದೆ. ಅದೇ ಅವನಿಗೆ ಸಿಟ್ಟು. ಕೆಲಸಕ್ಕೆಂದು ಎತ್ತಿದರೆ ಮಾತ್ರ ಈ ಆಟ. ಇದು ಚಿಮಟ ಹಿಡಿಯುವ ಕೈ, ಕ್ಷೌರದ ಕತ್ತಿ ಹಿಡಿಯುವ ಕೈಯಲ್ಲ ಎಂದು ಅವನು ಎಷ್ಟೋ ವಾರಗಳಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಎರಡೂ ಒಂದೇ ಕೈ ಎಂದು ಹೇಳುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಕೋಣೆಯ ಬಾಗಿಲಿನಾಚೆಗೇ ಅಂಗಡಿ. ಸೋಮವಾರವಾದ್ದರಿಂದ ಪರದೆ ಎಳೆದಿತ್ತು; ಎರಡು ಕುರ್ಚಿಗಳೂ ಕನ್ನಡಿಗೆ ಮುಖಮಾಡಿ ಕತ್ತಲಲ್ಲಿ ಕೂತಿದ್ದವು. ಕಡೊವಾಕಿ ಎಂದು ಮನೆತನದ ಹೆಸರನ್ನೇ ಇಟ್ಟು ಆ ಕ್ಷೌರದಂಗಡಿಯನ್ನು ತೆರೆದದ್ದು ಅಪ್ಪ. ಬಲೂನಿನ ಮೇಲೆ ನೊರೆ ಹಚ್ಚಿ, ಅದನ್ನು ಒಡೆಯದ ಹಾಗೆ ಕತ್ತಿಯಿಂದ ಬೋಳಿಸು ಎಂದು ಸೇಜಿಗೆ ಕಲಿಸಿದವನೂ ಅಪ್ಪನೇ. ಒಡೆದಾಗಲೆಲ್ಲ ಅಪ್ಪ ಬಯ್ಯುತ್ತಿರಲಿಲ್ಲ. "ಈಗೊಬ್ಬ ಗಿರಾಕಿ ಸತ್ತ" ಎನ್ನುತ್ತಿದ್ದ, ಅಷ್ಟೇ. ಕೊನೆಕೊನೆಗೆ ವೃದ್ಧರ ಮನೆಯಲ್ಲಿ ಮಗನ ಹೆಸರೂ ಮರೆತುಹೋಗಿದ್ದಾಗ ಅಪ್ಪನ ಬಲಗೈ ಹಾಸಿಗೆಯ ಮೇಲೆ ಗಾಳಿಯನ್ನು ಬೋಳಿಸುತ್ತಿತ್ತು. ಕೆನ್ನೆಯಿಂದ ಗದ್ದಕ್ಕೆ, ಗದ್ದದ ಕೆಳಗೆ ಮೇಲ್ಮುಖವಾಗಿ, ಒಂದಿಷ್ಟೂ ಅಲುಗದೆ. ನರ್ಸಮ್ಮ ನಕ್ಕಿದ್ದಳು. ಸೇಜಿ ಆಗ ಹೆಮ್ಮೆಯಿಂದ ನೋಡಿದ್ದ. ಈಗ ಅದನ್ನು ನೆನೆದರೆ ಅಸೂಯೆ. ಸತ್ತ ತಂದೆಯ ಕೈಯ ಮೇಲೆ ಅಸೂಯೆಪಡುವಂಥ ಮಗ ಎಲ್ಲಾದರೂ ಉಂಟೆ?

ಕತ್ತರಿಯದು ತೊಂದರೆಯಿಲ್ಲ. ಕತ್ತರಿ ಗಾಳಿಯಲ್ಲೂ ಚಕಚಕ ಎನ್ನುತ್ತಲೇ ಇರಬೇಕು, ಅದು ಕ್ಷೌರಿಕರ ಅಭ್ಯಾಸ. ಆ ಚಕಚಕದೊಳಗೆ ಎಷ್ಟು ನಡುಕ ಬೇಕಾದರೂ ಅಡಗಿಕೊಳ್ಳುತ್ತದೆ. ಕತ್ತಿ ಹಾಗಲ್ಲ. ನಿವೃತ್ತ ಹೆಡ್‌ಮಾಸ್ಟರರ ಕಿವಿಯ ಕೆಳಗೆ ಕೆಂಪು ಚುಕ್ಕೆಯೊಂದು ಮೂಡಿದ ದಿನ ಅವರು, "ಏನಿಲ್ಲ ಬಿಡಿ, ಕಡೊವಾಕಿ-ಸಾನ್, ನನ್ನ ಚರ್ಮ ತೆಳ್ಳಗಾಗಿದೆ" ಎಂದರು. ಸೇಜಿ ರಕ್ತ ನಿಲ್ಲಲೆಂದು ಪಟಿಕ ಒತ್ತಿದ. ಅವರು ಬಾಗಿಲಲ್ಲಿ ಎಂದಿನಂತೆ ತಲೆಬಾಗಿಸಿ ಹೋದರು. ಒಂದೆರಡು ತಿಂಗಳಾದ ಮೇಲೆ ಬಸ್ ಸ್ಟಾಪಿನಲ್ಲಿ ಅವರ ಬೆನ್ನು ಕಂಡಿತು. ಮಾತಾಡಿಸೋಣವೆಂದು ಹತ್ತಿರ ಹೋದವನಿಗೆ ಮೊದಲು ಕಂಡದ್ದು ಅವರ ಕತ್ತು. ಹೊಸದಾಗಿ ಕತ್ತರಿಸಿದ ಕೂದಲು, ಕಿವಿಯ ಹಿಂದೆ ಚೌಕಾಗಿ ಇಳಿಸಿದ ಅಂಚು. ಅದು ಬೇರೆಯವರ ಕೈ. ತನ್ನ ಕೈ ಅಲ್ಲಿ ಯಾವತ್ತೂ ಅಂಚನ್ನು ಕರಗಿಸುತ್ತದೆ, ಚೌಕ ಬಿಡುವುದಿಲ್ಲ. ಇಷ್ಟು ವರ್ಷ ತಾನು ಬಲ್ಲ ಒಂದು ಕತ್ತಿನ ಮೇಲೆ ಇನ್ನೊಬ್ಬನ ಅಕ್ಷರ ಕಂಡ ಹಾಗಾಯಿತು. ಮಾತಾಡಿಸದೆ ಹಿಂದಿರುಗಿದ. ಅವತ್ತು ಮನೆಗೆ ಬಂದು ಹೆಂಡತಿ ಫುಮಿಯೆಗೆ, "ಬೆನ್ನು ಹಿಡ್ಕೊಂಡಿದೆ. ಸ್ವಲ್ಪ ದಿನ ಶೇವಿಂಗ್ ನೀನೇ ನೋಡ್ಕೊ" ಎಂದ. ಅವಳೂ ಯೊನಾಗೊ ಪಟ್ಟಣದ ಕ್ಷೌರಿಕರ ಮನೆಯ ಮಗಳು, ಕೈ ಅವನಿಗಿಂತ ಹಗುರ. "ಆಯ್ತು" ಎಂದಳು. ಸ್ವಲ್ಪ ದಿನ ಎಂದದ್ದು ಬೇಸಿಗೆಯನ್ನು ದಾಟಿ, ಚಳಿ ಶುರುವಾಗಿ ಬಲೆಗೆ ಏಡಿ ಬೀಳುವ ಕಾಲಕ್ಕೆ ಬಂದಿತ್ತು. ಈಚೆಗೆ ಅವಳ ಬಲ ಮಣಿಕಟ್ಟಿಗೆ ಬಟ್ಟೆಯ ಪಟ್ಟಿಯೊಂದು ಸುತ್ತಿಕೊಂಡಿತ್ತು. ಏನು ಎಂದು ಅವನು ಕೇಳಿರಲಿಲ್ಲ. ಕೇಳಿದರೆ ಅವಳು ಉತ್ತರ ಹೇಳುತ್ತಾಳೆ.

ಹೊರಗೆ ಹಾರನ್ ಕೇಳಿತು. ನಗಾಮಿಯ ತೋಫು ಅಂಗಡಿಯ ಪುಟ್ಟ ಟ್ರಕ್ಕು. ಸೇಜಿ ತನ್ನ ಹಲಗೆಯನ್ನು ಎರಡೂ ಕೈಯಿಂದ ಎತ್ತಿ ಪೆಟ್ಟಿಗೆಯೊಳಗೆ ಇಳಿಸಿದ. ಬಾಗಿಲ ಅಗಲದ ಹಲಗೆ. ಅದರ ಮೇಲೆ ಅಂಗೈಯಷ್ಟಿನ ಇವಾಡಾನಿ ಸ್ಟೇಷನ್ನು, ಹಿಂದೆ ಸವೆದ ಶೇವಿಂಗ್ ಬ್ರಶ್ಶುಗಳ ಕೂದಲು ಕಿತ್ತು ನೆಟ್ಟ ಜೊಂಡುಹುಲ್ಲು, ಹಳಿಯ ಪಕ್ಕದಲ್ಲಿ ಇನ್ನೂ ತಂತಿ ಎಳೆಯದ ಕಂಬಗಳ ಸಾಲು. ಬಂದರಿನಿಂದ ಕಣಿವೆಯೊಳಕ್ಕೆ ಹೋಗುತ್ತಿದ್ದ ಆ ಸಣ್ಣ ರೈಲುದಾರಿ ಅವರು ಹುಡುಗರಾಗಿದ್ದಾಗಲೇ ಮುಚ್ಚಿಹೋಗಿತ್ತು. ಸೋಮವಾರ ಸೇರುವ ಮೂವರ ಗುಂಪು ಈಗ ಅದನ್ನು ಆಟಿಕೆಯ ಅಳತೆಯಲ್ಲಿ ಹಲಗೆಹಲಗೆಯಾಗಿ ಮತ್ತೆ ಹಾಸುತ್ತಿತ್ತು. ಸೋಮವಾರ ಯಾಕೆಂದರೆ ಕ್ಷೌರದಂಗಡಿಗೂ ಲೈಬ್ರರಿಗೂ ಅವತ್ತು ರಜೆ, ತೋಫುವಿನವನ ಕೆಲಸ ಮಧ್ಯಾಹ್ನದೊಳಗೆ ಮುಗಿದಿರುತ್ತದೆ.

"ಕೊಡೆ!" ಎಂದು ಅಡಿಗೆಮನೆಯಿಂದ ಫುಮಿಯೆ ಕೂಗಿದಳು. "ಊಟದ ಡಬ್ಬಿ ಮರೆತ್ರೂ ಕೊಡೆ ಮರೀಬಾರ್ದು ಅಂತಾರೆ. ನಿಮಗೆ ಮಾತ್ರ ಎರಡೂ ನೆನಪಿರಲ್ಲ."

"ಟ್ರಕ್ಕಲ್ಲಿ ಹೋಗ್ತಿದ್ದೀನಲ್ಲೇ."

"ಟ್ರಕ್ಕಿಂದ ಇಳಿಯೋದಿಲ್ವಾ? ಬೆನ್ನು ನೋವಿರೋರು ಆ ಪೆಟ್ಟಿಗೆ ಎತ್ತಬಾರ್ದು. ನಗಾಮಿ-ಸಾನ್ ಎತ್ತಲಿ."

ಬೆನ್ನು ಎಂಬ ಮಾತನ್ನು ಅವಳು ಕೊಂಚ ಒತ್ತಿ ಹೇಳಿದಳೇ? ಸೇಜಿ ನಿಂತು ಕೇಳಿಸಿಕೊಂಡ. ಒಳಗೆ ನೀರು ಸುರಿಯುವ ಸದ್ದು, ಅಷ್ಟೇ.

ನಗಾಮಿ ಅವನ ಬಾಲ್ಯದ ಗೆಳೆಯ, ಈಗಲೂ ಹುಡುಗನನ್ನು ಕರೆದ ಹಾಗೆ ಸೇ-ಚಾನ್ ಎಂದೇ ಕರೆಯುವವನು. ಗಿಡ್ಡ, ಗುಂಡುಮುಖ, ದಿನವೂ ತಣ್ಣೀರಿನಲ್ಲಿ ಮುಳುಗಿ ಉಬ್ಬಿದ ಬೆರಳುಗಳು. ಬಾಯಿ ಮುಚ್ಚುವುದು ತೋಫು ನುಂಗುವಾಗ ಮಾತ್ರ. "ಹುಷಾರಾಗಿ ಇಡೋ ಸೇ-ಚಾನ್, ಹಿಂದೆ ನನ್ನ ಬಂದರಿನ ಹಲಗೆ ಇದೆ. ಬಂದರಿನ ಮೇಲೆ ನಿನ್ನ ಸ್ಟೇಷನ್ ಬಿದ್ರೆ ಸುನಾಮಿ ಅಂತ ಪೇಪರಲ್ಲಿ ಹಾಕಿಸ್ತೀನಿ" ಎಂದ. ಸಮುದ್ರದ ಕಡೆಯಿಂದ ಗಾಳಿ ಅಡ್ಡಡ್ಡ ಬೀಸುತ್ತಿತ್ತು. ದಾರಿಯುದ್ದಕ್ಕೂ ನಗಾಮಿ ಅಳಿಯನ ಬಗ್ಗೆ, ಸೋಯಾಬೀನಿನ ಬಗ್ಗೆ ಮಾತಾಡಿದ. ಸೇಜಿಯ ಬಲಗೈ ಕೋಟಿನ ಜೇಬಿನಲ್ಲಿತ್ತು. ಜೇಬಿನೊಳಗೆ ಅದು ಒಳ್ಳೆಯ ಹುಡುಗ.

ಸಮುದಾಯ ಭವನದ ಮೇಲ್ಮಹಡಿಯಲ್ಲಿ ಚಿತೋಸೆ-ಸಾನ್ ಆಗಲೇ ಬಂದು ಮೇಜುಗಳನ್ನು ಸಾಲಾಗಿ ಜೋಡಿಸಿದ್ದಳು. ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹೆಂಗಸು. ಮೆಲುಮಾತು, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಎಲ್ಲೆಲ್ಲೋ ಹುಡುಕುವವಳು. ಅವಳ ಹಲಗೆ ಕಣಿವೆಯ ಊರು. ಸುರಂಗದ ಬಾಯಿ, ಹುಲ್ಲುಸೂರಿನ ಮನೆ, ಎಲೆ ಉದುರಿಸಿ ಬರೀ ಹಣ್ಣುಗಳನ್ನೇ ಹೊತ್ತು ನಿಂತ ಒಂದು ಪರ್ಸಿಮನ್ ಮರ. ಗಸಗಸೆಗೆ ಒಂದೊಂದಾಗಿ ಕಿತ್ತಳೆ ಬಣ್ಣ ಹಚ್ಚಿ ಅಂಟಿಸಿದ್ದಳಂತೆ. ಸೇಜಿ ಬಗ್ಗಿ ನೋಡಿದ. ಅಷ್ಟು ಹಣ್ಣುಗಳನ್ನು ಕೂರಿಸಲು ಬೇಕಾಗಿದ್ದ ಕೈಗಳ ಸ್ತಬ್ಧತೆ ನೆನೆದು ತನ್ನ ಕೈಯನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ಇಳಿಸಿದ. "ಚೆನ್ನಾಗಿದೆ" ಎಂದ. ಇನ್ನಷ್ಟು ಹೇಳಬೇಕಿತ್ತು.

ನಗಾಮಿ ತನ್ನ ಬಂದರಿನ ಮೇಲಿಂದ ಬಟ್ಟೆ ತೆಗೆದ. ಬಂದರಿನ ಮೇಲೆಲ್ಲ ಹಿಮ.

"ನಗಾಮಿ-ಸಾನ್," ಚಿತೋಸೆ ನಿಧಾನವಾಗಿ ಕೇಳಿದಳು, "ನಾವು ಶರತ್ಕಾಲ ಅಂತ ಮಾತಾಡಿಕೊಂಡಿದ್ವಲ್ಲ?"

"ಹಿಮ ಇಲ್ದೆ ಏಡಿ ದೋಣಿ ಎಲ್ಲಾದ್ರೂ ಚೆನ್ನಾಗಿರ್ತದಾ?"

"ರೈಲು ನಿಮ್ಮ ಹತ್ರ ಹಿಮದಲ್ಲಿ ಹೊರಟು ಕಡೊವಾಕಿ-ಸಾನ್ ಹತ್ರ ಭತ್ತದ ಗದ್ದೆಗೆ ಬರ್ತದೆ."

"ಅದಕ್ಕೇನೀಗ? ನಮ್ಮೂರಲ್ಲಿ ಬೀದಿಯ ಈ ಕಡೆ ಆಲಿಕಲ್ಲು, ಆ ಕಡೆ ಬಿಸಿಲು. ಹೊರಗಿನೋರು ನೋಡಿ ನಗಲಿ, ನಮ್ಮೋರು ಹೌದು ಅಂತಾರೆ."

ಚಿತೋಸೆ ಮೂಗು ಹತ್ತಿರ ತಂದಳು. "ಇದೇನು ವಾಸನೆ?"

"ಸೋಯಾ ಗಸಿ. ತೋಫು ಮಾಡಿ ಉಳಿದದ್ದು. ಒಣಗಿಸಿ, ಜರಡಿ ಹಿಡಿದು... ನೋಡಿ, ಎಷ್ಟು ಬೆಳ್ಳಗಿದೆ!"

"ಬೂಸ್ಟು ಹಿಡಿಯುತ್ತೆ ಕಣೋ ಅದು," ಎಂದ ಸೇಜಿ. "ಪ್ರದರ್ಶನದ ಹೊತ್ತಿಗೆ ನಿನ್ನ ಬಂದರಿಗೆ ಹಸಿರು ಹಿಮ ಬಿದ್ದಿರುತ್ತೆ." ಮೂವರೂ ನಕ್ಕರು. ನಗುವಾಗ ಸೇಜಿಗೆ ತಾನು ಇಲ್ಲಿಗೆ ಯಾಕೆ ಬರುತ್ತೇನೆಂಬುದು ನೆನಪಾಯಿತು. ಕೈ ಜೇಬಿನಿಂದ ಹೊರಗೆ ಬಂದದ್ದೂ ಅರಿವಾಗಲಿಲ್ಲ.

ಹಲಗೆಗಳನ್ನು ಕೂಡಿಸಿ, ಕೊಕ್ಕೆ ಬಿಗಿದು, ಹಳಿ ಸೇರಿಸಿದರು. ಒಂದೇ ಡಬ್ಬಿಯ ಕೆಂಪು ರೈಲು ಬಂದರಿನಿಂದ ಹೊರಟು, ಹಿಮ ದಾಟಿ, ಇವಾಡಾನಿಯಲ್ಲಿ ನಿಂತು, ಪರ್ಸಿಮನ್ ಮರದ ಬುಡದಿಂದ ಹಾದು ಸುರಂಗದೊಳಗೆ ಹೋಯಿತು. ಆಮೇಲೆ ನಗಾಮಿ ಕೇಳಿದ: "ಕಂಬಕ್ಕೆ ತಂತಿ ಎಲ್ಲೋ?"

"ಗೋಂದು ಇನ್ನೂ ಒಣಗಿಲ್ಲ."

"ಹೋದ ವಾರಾನೂ ಒಣಗಿರ್ಲಿಲ್ಲ. ಯಾವ ಗೋಂದು, ನಿಮ್ಮಜ್ಜಿ ಕಾಲದ್ದಾ? ಬಾ, ಈಗಲೇ ಎಳೆದುಬಿಡು. ನಾನು ಲ್ಯಾಂಪ್ ಹಿಡೀತೀನಿ. ಮುಂದಿನ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಊರೆಲ್ಲ ನೋಡೋಕೆ ಬರ್ತದೆ."

ಬೆನ್ನು ಎನ್ನಬಹುದಿತ್ತು. ಕಣ್ಣು ಎನ್ನಬಹುದಿತ್ತು. ಆದರೆ ನಗಾಮಿ ಆಗಲೇ ಲ್ಯಾಂಪ್ ಎಳೆದಿದ್ದ, ಚಿತೋಸೆ ದಾರದ ಉಂಡೆಯನ್ನು ಬಿಚ್ಚಿ ಹಿಡಿದಿದ್ದಳು. ಎಳೆದರೆ ಹಿಗ್ಗುವ, ಕಣ್ಣಿಗೆ ಹತ್ತದಂಥ ದಾರ. "ಯಾರ ತಲೆಕೂದಲೋ ಇದು, ಗಿರಾಕಿದಾ?" ಎಂದ ನಗಾಮಿ. ಸೇಜಿ ಕೂತ. ಮೊಣಕೈ ಮೇಜಿಗೆ ಒತ್ತಿ, ಉಸಿರು ಹಿಡಿದ. ಮೊದಲನೆಯ ಕಂಬಕ್ಕೆ ದಾರ ಕೂತಿತು. ಅದರ ಪಕ್ಕದ್ದಕ್ಕೂ ಕೂತಿತು. ಅವನಲ್ಲಿ ಒಂದು ಹುಚ್ಚು ಆಸೆ ಎದ್ದಿತು, ಎಲ್ಲ ಸುಳ್ಳು, ಬರೀ ಭಯ, ಆರಾಮಾಗಿದ್ದೇನೆ. ಆ ಆಸೆಯೇ ಕೈಗೆ ಹೊಡೆದಿರಬೇಕು. ಚಿಮಟ ಒಮ್ಮೆ ಗಾಳಿಯಲ್ಲಿ ಕೊಕ್ಕರೆಯಂತೆ ಕುಟುಕಿತು. ಅದನ್ನು ನಿಲ್ಲಿಸಲು ಬಿಗಿಹಿಡಿದರೆ ಇನ್ನೂ ಜೋರಾಯಿತು. ತುದಿಗೆ ದಾರ ಸಿಕ್ಕಿಕೊಂಡಿತು. ಬಿಡಿಸಲು ಹೋದ. ಕಂಬಗಳ ಸಾಲು ಒಂದರ ಹಿಂದೆ ಒಂದು ಮಲಗಿತು, ದಾರ ಚಿಮ್ಮಿ ಪಕ್ಕದ ಹಲಗೆಗೆ ಹಾರಿ ಚಿತೋಸೆಯ ಮರವನ್ನು ಬುಡಸಮೇತ ಎಳೆದು ಹಳಿಯ ಮೇಲೆ ಕೆಡವಿತು. ಕಿತ್ತಳೆ ಗಸಗಸೆ ಚೆಲ್ಲಿಹೋಯಿತು.

ಚಿತೋಸೆ ಕೂಡಲೇ ಕಿಟಕಿಯ ಕಡೆ ನೋಡಿದಳು. ಮಳೆ ಬಂತೇನೋ ಎಂದು ನೋಡುವವಳ ಹಾಗೆ. ಆ ಸೌಜನ್ಯ ಅವನಿಗೆ ಬಯ್ಗುಳಕ್ಕಿಂತ ಹೆಚ್ಚು ತಾಗಿತು. ಅವಳು ನೋಡಿದ್ದಾಳೆ. ನೋಡದಿದ್ದರೆ ಯಾಕೆ ಅತ್ತ ತಿರುಗಬೇಕು?

"ಏನೋ," ಎಂದ ನಗಾಮಿ, "ಮಧ್ಯಾಹ್ನಾನೇ ಏರಿಸ್ಕೊಂಡು ಬಂದಿದ್ದೀಯಾ?"

ಅದೊಂದು ತೆರೆದ ಬಾಗಿಲು. ಸೇಜಿ ಅದರೊಳಗೆ ನುಗ್ಗಿಬಿಟ್ಟ. "ಹೂಂ ಕಣೋ. ಊಟದ ಜೊತೆ ಸ್ವಲ್ಪ... ಜಾಸ್ತಿಯಾಯ್ತು ಅಂತ ಕಾಣ್ತದೆ."

ಹೇಳಿ ಮುಗಿಯುವುದರೊಳಗೆ ಆ ಸುಳ್ಳಿನ ಪೆದ್ದುತನ ಅವನಿಗೇ ಕಂಡಿತು. ನಗಾಮಿಯ ಮಗಳ ಮದುವೆಯಲ್ಲಿ ಒಂದು ಪುಟ್ಟ ಬಟ್ಟಲು ಕುಡಿದು ಏಡಿಯ ಹಾಗೆ ಕೆಂಪಾಗಿ, ಬಾಗಿಲ ಬಳಿ ಎಲ್ಲರ ಚಪ್ಪಲಿಗಳ ನಡುವೆ ಮಲಗಿ ನಿದ್ದೆಹೋದವನು ಅವನು. ಅವತ್ತು ಅವನನ್ನು ಹೊತ್ತು ಮನೆಗೆ ತಂದವನು ನಗಾಮಿಯೇ. ಈಗ ಸೇಜಿಯ ಮುಖದಲ್ಲಿ ಕೆಂಪಿನ ಸುಳಿವೂ ಇರಲಿಲ್ಲ. ನಗಾಮಿ ಲ್ಯಾಂಪ್ ಆರಿಸಿದ. "ಸರಿ ಹಾಗಾದ್ರೆ," ಎಂದ. ನಗಾಮಿ ಇಷ್ಟಕ್ಕೇ ಮಾತು ಮುಗಿಸಿದ್ದನ್ನು ಸೇಜಿ ಅದಕ್ಕೆ ಮೊದಲು ಕಂಡಿರಲಿಲ್ಲ. ಮೂವರೂ ಮೊಣಕಾಲೂರಿ ನೆಲದ ಮೇಲಿನ ಗಸಗಸೆ ಆರಿಸಿದರು. "ಬೇಜಾರ್ ಮಾಡ್ಕೋಬೇಡಿ ಕಡೊವಾಕಿ-ಸಾನ್, ಹಣ್ಣು ಉದುರೋ ಕಾಲಾನೇ ಅಲ್ವಾ" ಎಂದಳು ಚಿತೋಸೆ. ಸೇಜಿಗೆ ಅಳು ಬಂದ ಹಾಗಾಯಿತು. ಅರವತ್ತು ದಾಟಿದ ಗಂಡಸು, ಸಾರ್ವಜನಿಕ ಭವನದ ನೆಲದ ಮೇಲೆ.

ವಾಪಸು ಬರುವಾಗ ಟ್ರಕ್ಕಿನ ಗಾಜಿನ ಮೇಲೆ ಆಲಿಕಲ್ಲು ಬಡಿಯಿತು. ನಗಾಮಿ ಅಂಗಡಿಯ ಮುಂದೆ ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ: "ನಾಳೆ ಬೆಳಿಗ್ಗೆ ಶೇವಿಂಗ್‌ಗೆ ಬರ್ತೀನಿ."

"ಬಾ. ಫುಮಿಯೆ ಇರ್ತಾಳೆ."

"ಫುಮಿಯೆ-ಸಾನ್ ಬೇಡ. ನೀನೇ ಮಾಡ್ಬೇಕು."

"ಬೆನ್ನು..."

"ನಿನ್ನ ಬೆನ್ನಲ್ಲಿ ಯಾರು ಶೇವಿಂಗ್ ಮಾಡು ಅಂದ್ರೋ?" ನಗಾಮಿ ಅವನ ಮುಖ ನೋಡಲಿಲ್ಲ. "ಇಳಿ. ಪೆಟ್ಟಿಗೆ ನಾನು ತರ್ತೀನಿ."

ಬೆಳಗಾಗುವವರೆಗೂ ಸೇಜಿ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದ. ಪರೀಕ್ಷೆಯೇ? ಶಿಕ್ಷೆಯೇ? ಶಾಲೆಯ ದಿನಗಳಲ್ಲಿ ಈಜು ಬಾರದ ಸೇಜಿಯನ್ನು ಇದೇ ನಗಾಮಿ ಬಂದರಿನ ಕಟ್ಟೆಯ ಮೇಲಿಂದ ತಳ್ಳಿದ್ದ, ತಳ್ಳಿದವನೇ ಅವನ ಹಿಂದೆ ಹಾರಿದ್ದ, ಹಾರಿದ ಮೇಲೆ ಅವನಿಗೂ ಈಜು ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಾಗಿತ್ತು. ಮೀನಿನ ಬಲೆ ಎತ್ತುವವರು ಇಬ್ಬರನ್ನೂ ಒಟ್ಟಿಗೆ ಎತ್ತಿ ಒಟ್ಟಿಗೆ ಹೊಡೆದಿದ್ದರು. ಅಂಥವನ ಮನಸ್ಸನ್ನು ಹೇಗೆ ಓದುವುದು?

ಮಂಗಳವಾರ ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ನಗಾಮಿ ಬಂದ. ಅಷ್ಟರೊಳಗೆ ಏಡಿ ದೋಣಿಯ ಹಮಾನೊ ಅಜ್ಜ ಬಂದು ಬೆಂಚಿನ ಮೇಲೆ ಪೇಪರ್ ಬಿಡಿಸಿ ಕೂತಿದ್ದ. ಹಮಾನೊ ಅಜ್ಜನಿಗೆ ಗೊತ್ತಾದರೆ ಮಧ್ಯಾಹ್ನದೊಳಗೆ ಬಂದರಿಗೆಲ್ಲ ಗೊತ್ತಾಗುತ್ತದೆ. "ಅಜ್ಜನದು ಮೊದಲು" ಎಂದ ಸೇಜಿ. "ನನಗೇನು ಅರ್ಜೆಂಟಿಲ್ಲಪ್ಪಾ," ಎಂದ ಅಜ್ಜ ಪೇಪರಿನ ಹಿಂದಿನಿಂದ, "ಸಮುದ್ರ ಕೆರಳಿದೆ, ಇವತ್ತು ದೋಣಿ ಬಿಡಲ್ಲ."

ಕುರ್ಚಿ ಹಿಂದಕ್ಕೆ ವಾಲಿತು. ಬಿಸಿ ಟವೆಲ್ಲು ಹಾಕಿ ತೆಗೆದ. ನೊರೆ ಹಚ್ಚಿದ. ಬ್ರಶ್ಶು ಸುತ್ತುವಾಗ ನಡುಕ ಯಾರಿಗೂ ಕಾಣುವುದಿಲ್ಲ, ನೊರೆ ಇನ್ನಷ್ಟು ಚೆನ್ನಾಗಿಯೇ ಏಳುತ್ತದೆ. ಹಾಗಾಗಿ ಅವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಚ್ಚಿದ. ನೊರೆ ಕೆನ್ನೆ ದಾಟಿ, ಕಿವಿ ದಾಟಿ, ನಗಾಮಿಯ ಮುಖ ಅವನದೇ ಬಂದರಿನಂತೆ ಬೆಳ್ಳಗಾಯಿತು. ಕತ್ತಿ ಎತ್ತಿಕೊಂಡ. ನಗಾಮಿ ಕಣ್ಣು ಮುಚ್ಚಿ ಗಂಟಲು ಮೇಲೆತ್ತಿ ಮಲಗಿದ್ದ. ಎಷ್ಟು ನೂರು ಗಂಟಲುಗಳನ್ನು ಹೀಗೆ ಕಂಡಿಲ್ಲ! ಯಾವುದನ್ನೂ ನಿಜವಾಗಿ ನೋಡಿರಲಿಲ್ಲ ಎನಿಸಿತು. ಚರ್ಮ ಸಡಿಲವಾಗಿ, ಕುದಿಸಿದ ಹಾಲಿನ ಕೆನೆಯಂತೆ ಸಣ್ಣಗೆ ಸುಕ್ಕುಗಟ್ಟಿತ್ತು. ಅದರ ಅಡಿಯಲ್ಲಿ ಒಂದು ನಾಡಿ, ಏನೂ ಗೊತ್ತಿಲ್ಲದೆ ತನ್ನ ಪಾಡಿಗೆ ತಾನು ಏಳುತ್ತಾ ಬೀಳುತ್ತಾ ಇತ್ತು. ಇವನಿಗೆ ವಯಸ್ಸಾಗಿದೆ, ಎಂದುಕೊಂಡ ಸೇಜಿ. ನನ್ನ ಕೈಗೆ ಗಂಟಲು ಕೊಟ್ಟು ಮಲಗಿದ್ದಾನೆ, ಈಜು ಬಾರದಿದ್ದರೂ ಹಾರಿದವನು. ತಲೆಯೆತ್ತಿದಾಗ ಕನ್ನಡಿಯಲ್ಲಿ ಫುಮಿಯೆ ಕಂಡಳು. ಮಡಿಸಿದ ಟವೆಲ್ಲುಗಳ ರಾಶಿಯನ್ನು ಎದೆಗೆ ಒತ್ತಿಕೊಂಡು ಹಿಂದೆ ನಿಂತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೈಯ ಮೇಲಿತ್ತು. ಅದರಲ್ಲಿ ಆಶ್ಚರ್ಯವಿರಲಿಲ್ಲ. ಆಶ್ಚರ್ಯವಿಲ್ಲದ್ದು ಕಂಡೇ ಅವನಿಗೆ ಎಲ್ಲ ತಿಳಿಯಿತು. ಇವಳಿಗೆ ಬೇಸಿಗೆಯಿಂದಲೂ ಗೊತ್ತು.

ಕತ್ತಿಯನ್ನು ತಟ್ಟೆಯಲ್ಲಿ ಇಟ್ಟ. ಟಿಣ್ ಎಂದಿತು.

"ಆಗಲ್ಲ ಕಣೋ," ಎಂದ.

"ಏನಾಗಲ್ಲ?" ನಗಾಮಿ ಕಣ್ಣು ತೆರೆಯಲಿಲ್ಲ.

"ಕೈ ನಡುಗ್ತದೆ." ದನಿ ಅವನೆಣಿಸಿದ್ದಕ್ಕಿಂತ ಜೋರಾಗಿ ಬಂತು. ಬೆಂಚಿನ ಮೇಲೆ ಪೇಪರ್ ಸದ್ದು ನಿಂತಿತು. "ಬೆನ್ನೂ ಅಲ್ಲ, ಕುಡಿತಾನೂ ಅಲ್ಲ. ಕೈ ನಡುಗ್ತದೆ."

ನೊರೆಯ ನಡುವೆ ಬಾಯಿ ಬಿಚ್ಚಿತು. "ಅಷ್ಟು ಹೇಳೋಕೆ ನನ್ನ ಮುಖಕ್ಕೆ ಇಷ್ಟು ನೊರೆ ಮೆತ್ತಬೇಕಿತ್ತೇನೋ? ಮೂಗೊಳಗೆಲ್ಲ ಹೋಗಿದೆ."

"ನಿನಗೆ ಗೊತ್ತಿದ್ದೂ ಗಂಟಲು ಕೊಟ್ಟು ಮಲಗಿದ್ಯಲ್ಲೋ, ಕತ್ತೆ!"

"ನಿನ್ನೆ ಕುಡಿದಿದ್ದೆ ಅಂದ್ಯಲ್ಲ. ನನಗೆ! ಚಪ್ಪಲಿ ರಾಶಿಯಿಂದ ನಿನ್ನ ಹೊತ್ತು ತಂದೋನಿಗೆ! ಇವತ್ತೂ ಇನ್ನೊಂದು ಸುಳ್ಳು ಹೇಳಿದ್ರೆ ಕತ್ತು ಕೊಯ್ಸಿಕೊಂಡೇ ಹೋಗೋಣ, ಆ ಗಾಯಾನ ಜೀವನಪೂರ್ತಿ ನಿನಗೆ ತೋರಿಸ್ತಾ ಇರ್ಬೋದು ಅಂತ ಬಂದೆ."

ಫುಮಿಯೆ ಟವೆಲ್ಲುಗಳನ್ನು ಇಟ್ಟು ಮುಂದೆ ಬಂದಳು. ಮಣಿಕಟ್ಟಿನ ಪಟ್ಟಿಯನ್ನು ಬಿಗಿಮಾಡಿಕೊಂಡು ಕತ್ತಿ ಎತ್ತಿಕೊಂಡಳು. "ಬೆನ್ನು ನೋವು ಅಂತ ಹೇಳಿ ಹಳಿ ಮುಂದೆ ಮೂರು ಮೂರು ಗಂಟೆ ಬಗ್ಗಿ ಕೂರೋರನ್ನ ನಾನೆಲ್ಲೂ ನೋಡಿಲ್ಲ," ಎಂದಳು. "ಯಾವಾಗ ಹೇಳ್ತಾರೋ ಅಂತ ಕಾದು ಕಾದು ನನ್ನ ಕೈನೂ ಹೋಯ್ತು."

"ಯಾಕೆ ಕೇಳ್ಲಿಲ್ಲ?"

"ನೀವು ನನ್ನ ಪಟ್ಟಿ ಬಗ್ಗೆ ಕೇಳಿದ್ರಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. "ನಿಂತಿರ್ಬೇಡಿ. ಇವರ ತಲೆ ಹಿಡ್ಕೊಳ್ಳಿ. ಮಾತಾಡ್ತಾನೇ ಇರ್ತಾರೆ, ಎಲ್ಲಿ ಅಂತ ಕತ್ತಿ ಇಡ್ಲಿ?" ಸೇಜಿ ಕುರ್ಚಿಯ ಹಿಂದೆ ಹೋಗಿ ಎರಡೂ ಅಂಗೈಗಳ ನಡುವೆ ಗೆಳೆಯನ ತಲೆಯನ್ನು ಹಿಡಿದ. ಭಾರ ಸಿಕ್ಕಿದ ಕೂಡಲೇ ಕೈ ಶಾಂತವಾಯಿತು. ಫುಮಿಯೆಯ ಕತ್ತಿ ಗದ್ದದ ಕೆಳಗೆ ಸರಸರನೆ ನಡೆಯಿತು. ಬೆಂಚಿನ ಮೇಲಿಂದ ಹಮಾನೊ ಅಜ್ಜ ಗಂಟಲು ಸರಿಮಾಡಿಕೊಂಡು, "ನಮ್ಮಣ್ಣನಿಗೂ ನಡುಗ್ತಿತ್ತು. ಬಲೆ ಹೆಣೆಯೋದು ಬಿಟ್ಟ, ಬಯ್ಯೋದು ಬಿಡ್ಲಿಲ್ಲ" ಎಂದು ಪೇಪರ್ ಮಡಿಸಿದ. "ನನಗೆ ಕಟಿಂಗ್ ಮಾತ್ರ ಸಾಕು. ಅದಕ್ಕೇನೂ ತೊಂದ್ರೆ ಇಲ್ವಲ್ಲ?"

"ಇಲ್ಲ," ಎಂದ ಸೇಜಿ. "ಅದಕ್ಕೆ ಇನ್ನೂ ಇಲ್ಲ."

ಗುರುವಾರ ಫುಮಿಯೆ ಅವನನ್ನು ಯೊನಾಗೊದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಒಂದು ಕಾಗದ ಕೊಟ್ಟು ಬಸವನಹುಳುವಿನ ಚಿಪ್ಪಿನಂಥ ಸುರುಳಿ ಬರೆಯಿರಿ ಎಂದರು. ಸೇಜಿ ಬರೆದದ್ದು ಗಾಳಿಗೆ ಸಿಕ್ಕ ನೂಲಿನ ಹಾಗಿತ್ತು. ಒಂದನೆಯ ತರಗತಿಯಲ್ಲಿ ಕೂತ ಹಾಗೆ ಕಿವಿ ಬಿಸಿಯಾಯಿತು. ಅವನು ಹೆಸರು ಹೇಳಲೂ ಹೆದರಿದ್ದ, ಮೈಯೆಲ್ಲ ಬಿಗಿದುಹೋಗುವ ಆ ರೋಗ ಇದಲ್ಲವಂತೆ. ಕೆಲವರಿಗೆ ವಯಸ್ಸಿನ ಜೊತೆ ಬರುವ ನಡುಕ, ಮಾತ್ರೆಯಿಂದ ಕಡಿಮೆಯಾಗುತ್ತದೆ, ಹೋಗುವುದಿಲ್ಲ, ಕ್ಷೌರದ ಕತ್ತಿ ಹಿಡಿಯುವುದು ಬೇಡ. ಹೊರಗೆ ಬಂದವನೇ ಸೇಜಿ ನಿಂತು, "ನಿನ್ನ ಮಣಿಕಟ್ಟು ತೋರಿಸೋಣ" ಎಂದ. "ಇನ್ನೊಂದು ದಿನ," ಎಂದಳು. "ಇಲ್ಲ, ಈಗಲೇ" ಎಂದು ಅವನು ಮತ್ತೆ ಸಾಲಿನಲ್ಲಿ ಹೋಗಿ ಕೂತ. ಅವಳು ಪಕ್ಕದಲ್ಲಿ ಕೂತು, "ಹಸಿವಾಗ್ತಿದೆ" ಎಂದಳು. ಅದು ಕ್ಷಮೆಯೋ ಹಸಿವೋ ಅವನಿಗೆ ತಿಳಿಯಲಿಲ್ಲ. ಶೇವಿಂಗ್ ಇನ್ನುಮುಂದೆ ವಾರದಲ್ಲಿ ಕೆಲವು ದಿನ ಮಾತ್ರ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಹೆಡ್‌ಮಾಸ್ಟರರು ಮರಳಿ ಬರಲಿಲ್ಲ. ಬರುತ್ತಾರೆಂದು ಸೇಜಿ ಎಣಿಸಿಯೂ ಇರಲಿಲ್ಲ; ಆದರೂ ಬಾಗಿಲ ಗಂಟೆ ಸದ್ದಾದಾಗ ಮೊದಲು ನೋಡುವುದು ಅವರ ಎತ್ತರವನ್ನೇ.

ಮುಂದಿನ ಸೋಮವಾರ ಭವನದ ಮೆಟ್ಟಿಲನ್ನು ಫುಮಿಯೆಯೂ ಹತ್ತಿದಳು. ಮದುವೆಯಾದಾಗಿನಿಂದ ಗಂಡನ ರೈಲುಗಳ ಕಡೆ ತಿರುಗಿಯೂ ನೋಡದವಳು. ಏಡಿಯ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಗಾಮಿಯ ಹಿಮಕ್ಕೆ ಸೇಜಿ ಹೇಳಿದಂತೆಯೇ ಬೂಸ್ಟು ಹಿಡಿದಿತ್ತು. ಅವನು ಅದನ್ನು ಕೆರೆದು ತೆಗೆದು, ಅಡಿಯ ಬೂದುಬಣ್ಣದ ಬಂದರಿನ ಮುಂದೆ ಮುಖ ಊದಿಸಿಕೊಂಡು ನಿಂತಿದ್ದ. ಚಿತೋಸೆಯ ಮರ ಮತ್ತೆ ಎದ್ದಿತ್ತು, ಹಣ್ಣು ಸ್ವಲ್ಪ ಕಡಿಮೆ. ಇವಾಡಾನಿಯ ಕಂಬಗಳು ಮಾತ್ರ ಒಂದು ಬಟ್ಟಲಿನಲ್ಲಿ ಕಡ್ಡಿಗಳ ಹಾಗೆ ಬಿದ್ದಿದ್ದವು.

"ನಾವು ನೆಡ್ತೀವಿ, ನೀವು ಹೇಳಿ" ಎಂದಳು ಚಿತೋಸೆ.

ಸೇಜಿ ಮೇಜಿನ ತುದಿಯಲ್ಲಿ ಕೂತ. ಮೊದಮೊದಲು ಮೆಲ್ಲಗೆ, ಸಂಕೋಚದಿಂದ ಹೇಳಿದ. ಬೇರೊ‌ಬ್ಬರ ಬೆರಳು ತನ್ನ ಗದ್ದೆಯೊಳಗೆ ಇಳಿಯುವುದನ್ನು ನೋಡುವುದು, ತನ್ನ ಮನೆಯ ಬೀರು ಯಾರೋ ತೆಗೆದ ಹಾಗಿತ್ತು. ಆಮೇಲೆ ನಗಾಮಿ ತನ್ನ ಉಬ್ಬಿದ ಬೆರಳಿನಿಂದ ಒಂದು ಕಂಬವನ್ನು ತಲೆಕೆಳಗಾಗಿ ನೆಟ್ಟ.

"ಅಡ್ಡಪಟ್ಟಿ ಮೇಲಿರ್ಬೇಕು ಕಣೋ! ನಿನ್ನ ಗಟ್ಟಿ ಕೈಗಿಂತ ನನ್ನ ನಡುಗೋ ಕೈಯೇ ವಾಸಿ!"

"ಹಾಗಾದ್ರೆ ಬಾ, ನೀನೇ ನೆಡು!"

"ಸರಿ ಮಾಡು ಮೊದ್ಲು. ತೋಫು ತಿರುವಿದ ಹಾಗಲ್ಲ ಅದು."

ಫುಮಿಯೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಚಿತೋಸೆ ನೆಟ್ಟ ಕಂಬಗಳು ಅಚ್ಚುಕಟ್ಟಾಗಿದ್ದವು. ಸಿಪಾಯಿಗಳ ಸಾಲಿನಂತೆ ನೆಟ್ಟಗೆ ನಿಂತವು. ಸೇಜಿ ಅವನ್ನು ನೋಡಿ ತಲೆ ಅಲ್ಲಾಡಿಸಿದ. "ತುಂಬಾ ಚೆನ್ನಾಗಿದೆ ಚಿತೋಸೆ-ಸಾನ್, ಆದ್ರೆ ಇವಾಡಾನಿ ಕಂಬ ಹಾಗೆ ನಿಲ್ತಿರ್ಲಿಲ್ಲ. ತಿರುವು ದಾಟಿದ ಮೇಲೆ ಸಮುದ್ರದ ಗಾಳಿ ನೇರ ಹೊಡೀತದಲ್ಲ, ಎಲ್ಲಾನೂ ಬೆಟ್ಟದ ಕಡೆ ವಾಲಿರ್ತಿದ್ವು. ರೈಲಿನ ಕಿಟಕಿಯಿಂದ ನೋಡಿದ್ರೆ ಮುದುಕರೆಲ್ಲ ಮನೆಗೆ ಹೊರಟ ಹಾಗೆ."

"ಎಷ್ಟು ವಾಲ್ಬೇಕು?"

ಎಷ್ಟು ಎಂದು ಹೇಳುವುದು ಹೇಗೆ? ಸೇಜಿ ಬಲ ಮೊಣಕೈಯನ್ನು ಮೇಜಿನ ಮೇಲೆ ಊರಿ, ಮುಂಗೈಯನ್ನು ಮೇಲೆತ್ತಿ, ಬೆರಳುಗಳನ್ನು ಸೇರಿಸಿ, ಬೆಟ್ಟದ ಕಡೆಗೆ ಕೊಂಚ ಬಾಗಿಸಿದ. "ಇಷ್ಟು. ಇದಕ್ಕಿಂತ ಜಾಸ್ತಿ ಬೇಡ." ಚಿತೋಸೆ ತಲೆಯ ಮೇಲಿನ ಕನ್ನಡಕ ಇಳಿಸಿ, ಹಲಗೆಯ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ ಆ ಕೈಯನ್ನು ನೋಡಿದಳು, ಕಂಬವನ್ನು ನೋಡಿದಳು, ಮತ್ತೆ ಕೈಯನ್ನು ನೋಡಿದಳು. ಫುಮಿಯೆಯೂ ನೋಡಿದಳು. ಲ್ಯಾಂಪಿನ ಬೆಳಕಿನಲ್ಲಿ, ಎಲ್ಲರೆದುರು, ಎತ್ತಿ ಹಿಡಿದ ಕೈ ತನ್ನ ಆಟ ಶುರುಮಾಡಿತ್ತು.

"ಏನೋ ಇದು," ಎಂದ ನಗಾಮಿ, "ಕಂಬ ಒಂದೇ ಸಮ ಅಲ್ಲಾಡ್ತಿದೆ. ಗಾಳಿ ಅಷ್ಟು ಜೋರಾ?"

"ಜೋರೇ," ಎಂದ ಸೇಜಿ. ಕೈ ಇಳಿಸಲಿಲ್ಲ. "ಬೇಗ ಬೇಗ ನೆಡ್ರಿ."